ಸೀಸದ ಕೆ-ಶೆಲ್ ಫ್ಲೂರೆಸೆನ್ಸ್ ಯೀಲ್ಡ್ 1.09 ಬರ್ತಿದೆ, ಎಲ್ಲಿ ಎಡವಿದ್ದೇನೆ?

ಸೀಸದ_ತಗಡು

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಸೀಸದ ಕೆ-ಶೆಲ್ (ಪರಮಾಣುವಿನ ಅತಿ ಒಳಗಿನ ಎಲೆಕ್ಟ್ರಾನ್ ಪದರ) ಯೀಲ್ಡ್ ಅಳೆಯುತ್ತಿದ್ದೇನೆ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ನನ್ನ ಜೋಡಣೆ ಹೀಗಿದೆ. ಕೋಬಾಲ್ಟ್-57 ಮೂಲ. 0.1 ಮಿಲಿಮೀಟರ್ ದಪ್ಪದ ಸೀಸದ ತಗಡು, 45 ಡಿಗ್ರಿ ಓರೆಯಾಗಿ ನಿಲ್ಲಿಸಿದ್ದೇನೆ. 90 ಡಿಗ್ರಿಯಲ್ಲಿ ಶುದ್ಧ ಜರ್ಮೇನಿಯಂ ಡಿಟೆಕ್ಟರ್. ಮೂಲದಿಂದ ನೇರವಾಗಿ ಡಿಟೆಕ್ಟರಿಗೆ ಏನೂ ಹೋಗದ ಹಾಗೆ ಸುತ್ತ ಸೀಸದ ಇಟ್ಟಿಗೆ ಇಟ್ಟಿದ್ದೇನೆ. 72.8 ಮತ್ತು 75.0 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಇನ್ನು ಮುಂದೆ ಕೆಇವಿ ಅಂತ ಬರೆಯುತ್ತೇನೆ) ಹತ್ತಿರ ಕೆ ಆಲ್ಫಾ ಜೋಡಿ (ಮುಂದಿನ ಎಲ್-ಶೆಲ್ಲಿನಿಂದ ಕೆ-ಶೆಲ್ಲಿಗೆ ಎಲೆಕ್ಟ್ರಾನ್ ಇಳಿದಾಗ ಬರುವ ಎರಡು ಎಕ್ಸ್-ರೇ ಗೆರೆ) ಚೆನ್ನಾಗಿ ಬಿಡಿಬಿಡಿಯಾಗಿ ಕಾಣುತ್ತದೆ. 84.9ರ ಹತ್ತಿರ, ಇನ್ನೂ ಹೊರಗಿನ ಶೆಲ್‌ಗಳಿಂದ ಬರುವ ಕೆ ಬೀಟಾ ಗುಂಪೂ ಇದೆ. ತಗಡು ತೆಗೆದು ಅಷ್ಟೇ ಹೊತ್ತು ಎಣಿಸಿ, ಆ ಬ್ಯಾಕ್‌ಗ್ರೌಂಡ್ ಕಳೆದಿದ್ದೇನೆ. ಮೂಲದ ಪ್ರಬಲತೆಯನ್ನು (ಸೆಕೆಂಡಿಗೆ ಎಷ್ಟು ವಿಘಟನೆ ಎನ್ನುವುದನ್ನು) ಇವತ್ತಿನ ತಾರೀಖಿಗೆ ಇಳಿಸಿದ್ದೇನೆ, ಅರ್ಧಾಯುಷ್ಯ 271.8 ದಿನ.

ಇಷ್ಟೆಲ್ಲ ಮಾಡಿ ಬಂದ ಉತ್ತರ 1.09. ನನ್ನ ಅನಿಶ್ಚಿತತೆ ಶೇಕಡಾ 4. ಪುಸ್ತಕದ ಬೆಲೆ (ಎಲ್ಲರೂ ಒಪ್ಪಿದ ಸಂಖ್ಯೆ) 0.96. ಅಂದರೆ ನೂರು ಪರಮಾಣುಗಳಲ್ಲಿ ಕೆ-ಶೆಲ್ ಖಾಲಿ ಮಾಡಿದರೆ ನನಗೆ 109 ಎಕ್ಸ್-ರೇ ಸಿಗುತ್ತಿವೆ. ಇದು ಆಗಲು ಸಾಧ್ಯವೇ ಇಲ್ಲ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಊರಿನ_ಮೇಷ್ಟ್ರು

ನಾನು ಪಿಯುಸಿಗೆ ಭೌತಶಾಸ್ತ್ರ ಹೇಳುವವನು. ಯೀಲ್ಡ್ ಅಂದರೆ ಇಲ್ಲಿ ಏನು ಅಂತ ಯಾರಾದರೂ ಎರಡು ಮಾತಿನಲ್ಲಿ ಹೇಳಿದರೆ ಈ ಚರ್ಚೆ ನನ್ನ ಮಕ್ಕಳಿಗೂ ಓದಲು ಬರುತ್ತದೆ.

ಹಳೇ_ಸ್ಪೆಕ್ಟ್ರಂ

ಮೇಷ್ಟ್ರೇ, ಮೊದಲು ನಿಮ್ಮ ಪ್ರಶ್ನೆ. ಗಾಮಾ ಕಿರಣ ಬಂದು ಒಳಗಿನ ಶೆಲ್ಲಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ಹಾಕುತ್ತದೆ. ಅಲ್ಲೊಂದು ಜಾಗ ಖಾಲಿ. ಮೇಲಿನ ಶೆಲ್ಲಿನ ಎಲೆಕ್ಟ್ರಾನ್ ಆ ಜಾಗಕ್ಕೆ ಇಳಿಯುತ್ತದೆ. ಇಳಿದಾಗ ಉಳಿಯುವ ಶಕ್ತಿಗೆ ಎರಡು ದಾರಿ ಇದೆ. ಎಕ್ಸ್-ರೇ ಆಗಿ ಹೊರಗೆ ಬರಬಹುದು. ಇಲ್ಲವೇ ಆ ಶಕ್ತಿಯನ್ನು ಇನ್ನೊಂದು ಎಲೆಕ್ಟ್ರಾನ್ ಪಡೆದುಕೊಂಡು ತಾನೇ ಓಡಿಹೋಗಬಹುದು. ಈ ಎರಡನೆಯದನ್ನು 1920ರ ದಶಕದ ಮೊದಲಲ್ಲಿ ಲೀಸ್ ಮೈಟ್ನರ್ ಮತ್ತು ಪಿಯರ್ ಓಜೆ ಬೇರೆಬೇರೆಯಾಗಿ ಕಂಡುಕೊಂಡರು. ಹೆಸರು ಮಾತ್ರ ಓಜೆಯದ್ದೇ ಉಳಿಯಿತು. ನೂರು ಖಾಲಿ ಜಾಗಗಳಲ್ಲಿ ಎಷ್ಟು ಎಕ್ಸ್-ರೇ ದಾರಿ ಹಿಡಿದವು ಎನ್ನುವ ಭಾಗವೇ ಫ್ಲೂರೆಸೆನ್ಸ್ ಯೀಲ್ಡ್. ಕೆ-ಶೆಲ್ಲಿಗೆ ಅಲ್ಯೂಮಿನಿಯಂನಲ್ಲಿ ಅದು 0.04 ಅಷ್ಟೇ. ತಾಮ್ರಕ್ಕೆ 0.44, ಬೆಳ್ಳಿಗೆ 0.83, ಸೀಸಕ್ಕೆ 0.96. ಪರಮಾಣು ಭಾರವಾದಷ್ಟೂ ಎಕ್ಸ್-ರೇ ದಾರಿಯೇ ಗೆಲ್ಲುತ್ತದೆ.

ಈಗ ತಗಡಿನವರೇ, ನಿಮಗೆ. ಚೆಂದ ಕಾಣದ ಸಂಖ್ಯೆಯನ್ನು ಮುಚ್ಚಿಡದೆ ಇಲ್ಲಿ ತಂದಿಟ್ಟಿದ್ದು ನನಗೆ ತುಂಬ ಇಷ್ಟವಾಯಿತು. ನನ್ನದು ಎರಡು ಪ್ರಶ್ನೆ.

ತಗಡಿನೊಳಗೇ ಹೀರಿಕೆಯಾಗುವ ಭಾಗಕ್ಕೆ ತಿದ್ದುಪಡಿ ಹೇಗೆ ಹಾಕಿದ್ದೀರಿ? 75 ಕೆಇವಿ ಕಿರಣಕ್ಕೆ ಸೀಸದಲ್ಲಿ ಹೀರಿಕೆಯ ಗುಣಾಂಕ ಪ್ರತಿ ಗ್ರಾಮಿಗೆ ಸುಮಾರು 2.85 ಚದರ ಸೆಂಟಿಮೀಟರ್. 0.1 ಮಿಲಿಮೀಟರ್ ತಗಡನ್ನು ನೆಟ್ಟಗೆ ದಾಟಿದರೂ ನಾಲ್ಕನೇ ಒಂದು ಭಾಗ ಹೋಗಿಬಿಡುತ್ತದೆ. ನಿಮ್ಮದು ಓರೆ ದಾರಿ, ಇನ್ನೂ ಜಾಸ್ತಿ.

ಎರಡನೆಯದು, ಭಾಗಿಸುವಾಗ ಯಾವ ಗಾಮಾ ಹಾಕಿದಿರಿ?

ಸೀಸದ_ತಗಡು

ಮೇಡಂ, ಹೀರಿಕೆಯ ತಿದ್ದುಪಡಿಯಲ್ಲಿ ಒಳಗೆ ಹೋಗುವ ದಾರಿ, ಹೊರಗೆ ಬರುವ ದಾರಿ ಎರಡನ್ನೂ 45 ಡಿಗ್ರಿ ಕೋನದೊಂದಿಗೆ ತೆಗೆದುಕೊಂಡಿದ್ದೇನೆ. ಗಾಮಾ 122 ಕೆಇವಿ ಹಾಕಿದ್ದೇನೆ, ನೂರಕ್ಕೆ 85.6 ವಿಘಟನೆಗಳಲ್ಲಿ ಬರುತ್ತದೆ ಎಂದು.

ಹಳೇ_ಸ್ಪೆಕ್ಟ್ರಂ

ಹಾಗಿದ್ದರೆ 136ನ್ನು ಬಿಟ್ಟಿದ್ದೀರಿ, ಅಲ್ವಾ?

ಕೋಬಾಲ್ಟ್-57 ಒಂದೇ ಗಾಮಾ ಕೊಡುವುದಿಲ್ಲ. 122.06 ಜೊತೆಗೆ 136.47 ಕೂಡ ಇದೆ, ನೂರಕ್ಕೆ 10.7. ಸೀಸದ ಕೆ-ಶೆಲ್ ಕೀಳಲು ಬೇಕಾಗಿರುವುದು 88.0 ಕೆಇವಿ. ಎರಡಕ್ಕೂ ಆ ತಾಕತ್ತಿದೆ. 136 ಕಿತ್ತ ಜಾಗಗಳಿಂದ ಬಂದ ಎಕ್ಸ್-ರೇಗಳನ್ನೂ ನೀವು ಎಣಿಸಿದ್ದೀರಿ. ಆದರೆ ಅವುಗಳ ಕಾರಣವನ್ನು ಕೆಳಗೆ ಭಾಗಿಸುವಲ್ಲಿ ಹಾಕಿಲ್ಲ.

ಎಷ್ಟು ವ್ಯತ್ಯಾಸ ಅಂತ ಕೈಯಲ್ಲೇ ನೋಡೋಣ. 10.7ನ್ನು 85.6ರಿಂದ ಭಾಗಿಸಿದರೆ 0.125. ಶಕ್ತಿ ಜಾಸ್ತಿಯಾದಂತೆ ಕೀಳುವ ಸಾಧ್ಯತೆ ಇಳಿಯುತ್ತದೆ. 122ಕ್ಕೆ ಹೋಲಿಸಿದರೆ 136ರಲ್ಲಿ ಅದು ಸುಮಾರು ಮುಕ್ಕಾಲು. ಹಾಗಾಗಿ ಕೂಡಬೇಕಾದ ಭಾಗ ಸುಮಾರು 0.094. ನಿಮ್ಮ 1.09ನ್ನು 1.094ರಿಂದ ಭಾಗಿಸಿ.

ಸೀಸದ_ತಗಡು

ಮೇಡಂ, ಮಾಡಿದೆ. ಸರಿಯಾದ ಅಡ್ಡಕೊಯ್ತಗಳನ್ನೇ (ಕೀಳುವ ಸಾಧ್ಯತೆಯ ಅಳತೆಗಳನ್ನೇ) ಹಾಕಿ ಲೆಕ್ಕ ಮಾಡಿದರೂ 1.00 ಬಂತು! ಶೇಕಡಾ 4 ಅನಿಶ್ಚಿತತೆ ಇರುವುದರಿಂದ 0.96ಕ್ಕೆ ಹೊಂದುತ್ತದೆ. ಮೂರು ವಾರದ ಭಾರ ಇಳಿದ ಹಾಗಾಯಿತು. ಇನ್ನು ಬರೆದು ಕೊಟ್ಟುಬಿಡಲಾ?

ಹಳೇ_ಸ್ಪೆಕ್ಟ್ರಂ

ಬೇಡ. ಇನ್ನೂ ಒಂದು ವಾರ ತಾಳಿ.

1.09 ಇದ್ದಾಗ ತಪ್ಪು ಹುಡುಕಿದಿರಿ, ಏಕೆಂದರೆ ಸಂಖ್ಯೆ ಕಣ್ಣಿಗೆ ಚುಚ್ಚುತ್ತಿತ್ತು. 1.00 ಬಂದಾಗ ನಿಲ್ಲಿಸಬೇಕು ಅನಿಸುತ್ತಿದೆ. ಆದರೆ ಪ್ರಯೋಗ ಮೊದಲಿನದೇ. ಅದರಲ್ಲಿ ಇನ್ನೊಂದು ತಪ್ಪು ಇದ್ದರೆ ಅದು ಹಾಗೇ ಕುಳಿತಿರುತ್ತದೆ. ಅನಿಶ್ಚಿತತೆಯ ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಿರುತ್ತದೆ ಅಷ್ಟೇ. ಮೂವತ್ತು ವರ್ಷ ಲ್ಯಾಬಿನಲ್ಲಿ ನನ್ನನ್ನು ಅತಿ ಜಾಸ್ತಿ ಕಾಡಿದ್ದು ಇದೇ. ಪುಸ್ತಕದ ಬೆಲೆ ಹತ್ತಿರ ಬಂದ ಕೂಡಲೇ ನಾವು ಹುಡುಕುವುದನ್ನು ಬಿಡುತ್ತೇವೆ. ಆಮೇಲೆ ಎಲ್ಲರ ಅಳತೆಯೂ ಪುಸ್ತಕಕ್ಕೆ ಹೊಂದುತ್ತದೆ. ಅದಕ್ಕೆ ಅರ್ಥವೇ ಉಳಿಯುವುದಿಲ್ಲ.

ನಿಮ್ಮ ಮೊದಲ ಬರಹದಲ್ಲೇ ನನಗೆ ಒಂದು ಅನುಮಾನ ಬಂದಿತ್ತು. ನೀವು ಅಳೆಯುತ್ತಿರುವುದು ಸೀಸ. ಡಿಟೆಕ್ಟರ್ ಸುತ್ತ ಇಟ್ಟಿರುವುದೂ ಸೀಸ. ತಗಡಿಗೆ ಬಡಿದು ಚದುರಿದ ಗಾಮಾ ಆ ಇಟ್ಟಿಗೆಗಳಿಗೂ ಹೋಗುತ್ತದೆ. 90 ಡಿಗ್ರಿಯಲ್ಲಿ ಕಾಂಪ್ಟನ್ ಚದುರಿದ (ಎಲೆಕ್ಟ್ರಾನಿಗೆ ಬಡಿದು ಸ್ವಲ್ಪ ಶಕ್ತಿ ಕಳೆದುಕೊಂಡ) 122 ಕೆಇವಿ ಗಾಮಾಗೆ ಉಳಿಯುವ ಶಕ್ತಿ 98.5. ಅದೂ 88ಕ್ಕಿಂತ ಜಾಸ್ತಿ. ಇಟ್ಟಿಗೆಯಿಂದಲೂ ಅದೇ 75 ಕೆಇವಿ ಎಕ್ಸ್-ರೇ ಹೊರಡುತ್ತದೆ. ಡಿಟೆಕ್ಟರಿಗೆ ಇದು ತಗಡಿನದು, ಅದು ಇಟ್ಟಿಗೆಯದು ಅಂತ ಗೊತ್ತಾಗುವುದಿಲ್ಲ.

ನೀವು ತಗಡು ತೆಗೆದು ಬ್ಯಾಕ್‌ಗ್ರೌಂಡ್ ಎಣಿಸಿದಿರಿ. ಆಗ ಚದುರಿಸುವ ವಸ್ತುವೇ ಇರಲಿಲ್ಲ. ಹಾಗಾಗಿ ಇಟ್ಟಿಗೆಯ ಈ ಪಾಲು ಅದರಲ್ಲಿ ಬರಲೇ ಇಲ್ಲ. ಸೀಸದ ಬದಲು ಅಷ್ಟೇ ತೂಕದ ಟಂಗ್‌ಸ್ಟನ್ ಇಲ್ಲವೇ ಟ್ಯಾಂಟಲಂ ತಗಡು ಇಟ್ಟು ಎಣಿಸಿ. ಟಂಗ್‌ಸ್ಟನ್ ಗೆರೆಗಳು 58ರಿಂದ 69 ಕೆಇವಿಯೊಳಗೇ ಮುಗಿಯುತ್ತವೆ. 72.8ರಲ್ಲಿ, 75ರಲ್ಲಿ ಏನೂ ಇರಬಾರದು. ಇದ್ದರೆ ಅದು ಇಟ್ಟಿಗೆಯದು.

ಬೀಮ್‌ಲೈನ್_ಕನ್ನಡಿಗ

ಇದು ಸರಿಯಾದ ಸಲಹೆ. ಇಟ್ಟಿಗೆಯ ಒಳಮೈಗೆ ಒಂದು ಮಿಲಿಮೀಟರ್ ತವರದ ಹಾಳೆ, ಅದರ ಮೇಲೆ ತೆಳ್ಳನೆಯ ತಾಮ್ರದ ಹಾಳೆ ಹೊದಿಸಿ. ತವರ ಸೀಸದ ಎಕ್ಸ್-ರೇಯಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ತಡೆಯುತ್ತದೆ. ತವರದಿಂದ ಹೊರಡುವ 25 ಕೆಇವಿ ಕಿರಣವನ್ನು ತಾಮ್ರ ತಡೆಯುತ್ತದೆ. ತಾಮ್ರದಿಂದ ಬರುವ 8 ಕೆಇವಿ ನಿಮ್ಮ ಗೆರೆಗಳಿಂದ ತುಂಬ ದೂರ.

ಎರಡು ಗಾಮಾದ ತಲೆನೋವೇ ಬೇಡ ಎಂದರೆ ಕ್ಯಾಡ್ಮಿಯಂ-109 ಇದೆ. ಅದರ ಗಾಮಾ 88.03 ಕೆಇವಿ. ಸೀಸದ ಕೆ ಅಂಚು (ಕೆ ಎಲೆಕ್ಟ್ರಾನ್ ಕೀಳಲು ಬೇಕಾದ ಕನಿಷ್ಠ ಶಕ್ತಿ) 88.005. ಬರೀ ಮೂವತ್ತು ಎಲೆಕ್ಟ್ರಾನ್ ವೋಲ್ಟ್ ಅಂತರದಲ್ಲಿ ದಾಟುತ್ತದೆ! ಪ್ರಕೃತಿಯಲ್ಲಿ ಇಂಥ ಜೋಡಿ ಸಿಗುವುದು ಅಪರೂಪ. ಇದನ್ನೇ ಬಳಸಿ ಬದುಕಿರುವ ಮನುಷ್ಯರ ಮೂಳೆಯಲ್ಲಿ ಸೇರಿದ ಸೀಸವನ್ನು ಅಳೆಯುತ್ತಾರೆ. ಹಿಂದಕ್ಕೆ ಚದುರಿದ ಕಾಂಪ್ಟನ್ ಗುಡ್ಡ 66ರ ಆಸುಪಾಸಿಗೆ ಇಳಿದುಬಿಡುತ್ತದೆ. ಸೀಸದ ಗೆರೆಗಳಿಗೆ ಅಡ್ಡ ಬರುವುದಿಲ್ಲ. ಆದರೆ ಆ ಗಾಮಾ ನೂರಕ್ಕೆ ನಾಲ್ಕು ವಿಘಟನೆಯಲ್ಲೂ ಬರುವುದಿಲ್ಲ. ತಾಳ್ಮೆ ಬೇಕು.

ಸೀಸದ_ತಗಡು

ಹನ್ನೊಂದು ದಿನದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಟಂಗ್‌ಸ್ಟನ್ ತಗಡು ಪಕ್ಕದ ಕಾಲೇಜಿನಿಂದ ಕೇಳಿ ತಂದೆ. ಒಂದು ರಾತ್ರಿ ಪೂರ್ತಿ ಎಣಿಸಿದೆ. ಬೆಳಿಗ್ಗೆ ನೋಡಿದರೆ 75ರಲ್ಲಿ ಸಣ್ಣ ಶಿಖರ ನಿಂತಿದೆ. ಪಕ್ಕದಲ್ಲಿ 72.8 ಕೂಡ. ಟಂಗ್‌ಸ್ಟನ್ ಎದುರಿಗಿಟ್ಟು ಸೀಸದ ಸಹಿ ನೋಡಿದಾಗ ಮೈ ಜುಮ್ ಎಂದಿತು.

ಸೀಸದ ತಗಡಿನಲ್ಲಿ ಬಂದ ಎಣಿಕೆಯ ಶೇಕಡಾ 3ರಷ್ಟಿತ್ತು. ಅದನ್ನು ಕಳೆದರೆ ಯೀಲ್ಡ್ 0.97. ಆಮೇಲೆ ತವರ, ತಾಮ್ರ ಹೊದಿಸಿ ಎಲ್ಲವನ್ನೂ ಮತ್ತೆ ಎಣಿಸಿದೆ. ಈಗ ಟಂಗ್‌ಸ್ಟನ್ ಇಟ್ಟಾಗ 75ರಲ್ಲಿ ಏನೂ ಕಾಣುವುದಿಲ್ಲ. ಸೀಸಕ್ಕೆ ಮತ್ತೆ 0.97, ಹೆಚ್ಚು ಕಡಿಮೆ 0.04.

ಆದರೆ ಮೇಡಂ, ಈಗ ಬೇರೆ ಯೋಚನೆ ಶುರುವಾಗಿದೆ. ಯೀಲ್ಡ್ 0.92 ಆಗಿದ್ದರೂ, 1.00 ಆಗಿದ್ದರೂ ನನ್ನ ಅಳತೆ ಬೇಡ ಅನ್ನುತ್ತಿರಲಿಲ್ಲ. ಹಾಗಾದರೆ ನಾನು ಹೊಸದಾಗಿ ಏನು ತಿಳಿದ ಹಾಗಾಯಿತು?

ಹಳೇ_ಸ್ಪೆಕ್ಟ್ರಂ

ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ.

ಭಾರದ ಪರಮಾಣುಗಳಲ್ಲಿ ಕೆ ಯೀಲ್ಡ್ ಒಂದರ ಹತ್ತಿರ ಹೋಗಿ ಚಪ್ಪಟೆಯಾಗಿಬಿಡುತ್ತದೆ. ಚಿನ್ನಕ್ಕೂ 0.96, ಸೀಸಕ್ಕೂ 0.96. ಅಲ್ಲಿ ನಿಜವಾಗಿ ತಿಳಿಯಬೇಕಾದ್ದು ಉಳಿದ ಆ ನೂರಕ್ಕೆ ನಾಲ್ಕು. ಶೇಕಡಾ 4 ಅನಿಶ್ಚಿತತೆಯ ಅಳತೆ ಆ ನಾಲ್ಕನ್ನು ಮುಟ್ಟುವುದೇ ಇಲ್ಲ. ನಿಮ್ಮ ಪ್ರಾಜೆಕ್ಟ್ ವ್ಯರ್ಥ ಅಂತ ಹೇಳುತ್ತಿಲ್ಲ. ನಿಮ್ಮ ಜೋಡಣೆ ನಂಬಲು ಯೋಗ್ಯ ಎಂದು ಈಗ ಗೊತ್ತಾಗಿದೆ. ಅದನ್ನು ಹಿಡಿದುಕೊಂಡು ಎಲ್-ಶೆಲ್ಲಿಗೆ ಹೋಗಿ. ಹೊಸದು ಸಿಗುವುದು ಅಲ್ಲಿ.

ಕೆ-ಶೆಲ್ಲನ್ನೇ ಇನ್ನೂ ಬಿಗಿಯಾಗಿ ಅಳೆಯಬೇಕು ಎಂದರೆ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ 2 ಪೈ ವಿಧಾನ ನೋಡಿ. ತಗಡನ್ನು ಡಿಟೆಕ್ಟರಿನ ಮುಖಕ್ಕೇ ಹತ್ತಿಸಿ ಇಡುತ್ತಾರೆ. ಮುಂದಕ್ಕೆ ಹೊರಟ ಅರ್ಧದಷ್ಟು ಎಕ್ಸ್-ರೇ ಡಿಟೆಕ್ಟರಿಗೇ ಬೀಳುತ್ತವೆ. ಎಷ್ಟು ಗಾಮಾ ತಗಡಿನಲ್ಲಿ ನಿಂತವು ಎಂಬುದನ್ನೂ ಅದೇ ಡಿಟೆಕ್ಟರ್ ಹೇಳುತ್ತದೆ. ಮೂಲದ ಪ್ರಬಲತೆ, ಘನಕೋನ (ಡಿಟೆಕ್ಟರ್ ಎಷ್ಟು ದಿಕ್ಕುಗಳನ್ನು ಆವರಿಸುತ್ತದೆ ಎನ್ನುವುದು) ಎರಡರ ಗೊಡವೆಯೂ ಇಲ್ಲ. ದುರ್ಬಲ ಮೂಲವೇ ಸಾಕು. ದೊಡ್ಡ ಯಂತ್ರ ಇಲ್ಲದ ಕಡೆ ಇಂಥ ಯೋಚನೆ ಹುಟ್ಟಿದ್ದು ನನಗೆ ಇವತ್ತಿಗೂ ಹೆಮ್ಮೆ.

ಹಾಲ್‌ಮಾರ್ಕ್_ಕೆಲಸಗಾರ

ನಾನು ಭೌತಶಾಸ್ತ್ರ ಓದಿದವನಲ್ಲ. ಚಿನ್ನದ ಹಾಲ್‌ಮಾರ್ಕ್ ಮಾಡುವ ಕಡೆ ಎಕ್ಸ್-ರೇ ಮಷಿನ್ ನಡೆಸುತ್ತೇನೆ. ನೀವು ಹೇಳುತ್ತಿರುವ ಎಲ್ ಗೆರೆಗಳೇ ನಮ್ಮ ಪರದೆಯ ಮೇಲೂ ಬರುತ್ತವೆ ಎಂದು ಎಂಜಿನಿಯರ್ ಹೇಳಿದ್ದರು. ಚಿನ್ನದ್ದು 9.71. ಈ ಯೀಲ್ಡ್ ಎಲ್ಲ ನಮ್ಮ ಮಷಿನ್ ಒಳಗೂ ಇರುತ್ತದಾ? ಇನ್ನೊಂದು, ಇರಿಡಿಯಂ ಬೆರೆಸಿದ ಮಾಲು ಬಂದಾಗ ಮಾತ್ರ ನಾವು ತುಂಬ ಹುಷಾರಾಗಿರಬೇಕು ಅನ್ನುತ್ತಾರೆ. ಯಾಕೆ?

ಬೀಮ್‌ಲೈನ್_ಕನ್ನಡಿಗ

ಅಣ್ಣ, ಇದಕ್ಕಿಂತ ಒಳ್ಳೆಯ ಪ್ರಶ್ನೆ ಈ ಚರ್ಚೆಗೆ ಬರಲಾರದು. ಸ್ವಲ್ಪ ಉದ್ದ ಬರೆಯುತ್ತೇನೆ.

ಕೆ-ಶೆಲ್ ಒಂದೇ ಕೋಣೆ. ಎಲ್-ಶೆಲ್ ಮೂರು ಕೋಣೆ. ಎಲ್1, ಎಲ್2, ಎಲ್3. ಚಿನ್ನದಲ್ಲಿ ಎಲ್1 ಕೀಳಲು 14.35 ಕೆಇವಿ, ಎಲ್2ಕ್ಕೆ 13.73, ಎಲ್3ಕ್ಕೆ 11.92 ಬೇಕು. ಎಲ್1ರಲ್ಲಿ ಜಾಗ ಖಾಲಿಯಾಯಿತು ಎನ್ನಿ. ಹೊರಗಿನ ಶೆಲ್ಲಿನಿಂದ ಎಲೆಕ್ಟ್ರಾನ್ ಇಳಿಯುವ ಮೊದಲೇ ಪಕ್ಕದ ಎಲ್3ರ ಎಲೆಕ್ಟ್ರಾನೇ ಅಲ್ಲಿಗೆ ಹೋಗಿಬಿಡಬಹುದು. ಆಗ ಖಾಲಿ ಜಾಗ ಎಲ್1ರಿಂದ ಎಲ್3ಕ್ಕೆ ಸರಿಯುತ್ತದೆ. ಉಳಿದ ಶಕ್ತಿ ಹಿಡಿದು ಹೊರಗಿನ ಇನ್ನೊಂದು ಎಲೆಕ್ಟ್ರಾನ್ ಹಾರಿಹೋಗುತ್ತದೆ. 1935ರಲ್ಲಿ ಕೋಸ್ಟರ್ ಮತ್ತು ಕ್ರೋನಿಗ್ ಇದನ್ನು ವಿವರಿಸಿದರು. (ಹಾಫ್ನಿಯಂ ಕಂಡುಹಿಡಿದ ಇಬ್ಬರಲ್ಲಿ ಒಬ್ಬರು ಇದೇ ಕೋಸ್ಟರ್, ಅದೂ ಎಕ್ಸ್-ರೇ ಗೆರೆ ನೋಡಿಯೇ.) ಎಲ್1ರಿಂದ ಎಲ್3ಕ್ಕೆ ಹೀಗೆ ಸರಿಯುವ ಸಾಧ್ಯತೆಯನ್ನು ಎಫ್13 ಎನ್ನುತ್ತೇವೆ.

ಈಗ ನಿಮ್ಮ ಇರಿಡಿಯಂ. ಟಂಗ್‌ಸ್ಟನ್ ತೆಗೆದುಕೊಳ್ಳಿ. ಎಲ್1, ಎಲ್3 ನಡುವಿನ ಅಂತರ 1.893 ಕೆಇವಿ. ಅದರ ಎಂ5 (ಎಲ್ ಹೊರಗಿನ ಎಂ-ಶೆಲ್ಲಿನ ಐದನೇ ಕೋಣೆ) ಎಲೆಕ್ಟ್ರಾನನ್ನು ಹಾರಿಸಲು 1.809 ಸಾಕು ಅಂತ ಕಾಣುತ್ತದೆ. ಆದರೆ ಒಳಗೆ ಜಾಗ ಖಾಲಿ ಇದ್ದಾಗ ಹೊರಗಿನ ಎಲೆಕ್ಟ್ರಾನ್‌ಗಳು ಮುಂದಿನ ಧಾತುವಿನಲ್ಲಿ ಇದ್ದ ಹಾಗೆ ಬಿಗಿಯಾಗುತ್ತವೆ. ಮುಂದಿನ ಧಾತು ರೀನಿಯಂ, ಅದರ ಎಂ5 1.883, ಅಂತರಕ್ಕೆ ಹೆಚ್ಚುಕಡಿಮೆ ಸಮ. ಹಾಗಾಗಿ ಟಂಗ್‌ಸ್ಟನ್‌ನಲ್ಲಿ ಈ ಬಾಗಿಲು ಮುಚ್ಚಿದ ಹಾಗೇ ಲೆಕ್ಕ. ಚಿನ್ನದಲ್ಲಿ ಅಂತರ 2.434, ಬೇಕಾದ್ದು 2.2ರಿಂದ 2.3. ಬಾಗಿಲು ಪೂರ್ತಿ ತೆರೆದಿದೆ. ತೆರೆಯುವುದು ಈ ಎರಡರ ನಡುವೆ, ರೀನಿಯಂ, ಆಸ್ಮಿಯಂ, ಇರಿಡಿಯಂ, ಪ್ಲಾಟಿನಂ ಸಾಲಿನಲ್ಲಿ. ಇಂಥ ಸಂಖ್ಯೆಗಳನ್ನು ಒಟ್ಟು ಮಾಡಿದ 1979ರ ಕ್ರೌಸ್ ಪಟ್ಟಿಯಲ್ಲಿ ಎಫ್13 ಟಂಗ್‌ಸ್ಟನ್‌ಗೆ ಸುಮಾರು 0.3, ಚಿನ್ನಕ್ಕೆ ಅರ್ಧ ದಾಟುತ್ತದೆ. ಐದು ಧಾತುಗಳ ದಾರಿಯಲ್ಲಿ ಇಷ್ಟು ಏರಿಕೆ. ಪರಮಾಣು ಭಾರವಾದರೆ ಯೀಲ್ಡ್ ಏರಬೇಕು ಅಲ್ವಾ? ಎಲ್1ರ ಯೀಲ್ಡ್ ಮಾತ್ರ ಇಲ್ಲಿ ಕೆಳಗಿಳಿಯುತ್ತದೆ, ಚಿನ್ನದಲ್ಲಿ 0.11ರ ಹತ್ತಿರ ಬರುತ್ತದೆ. ಜಾಗ ಎಕ್ಸ್-ರೇ ಕೊಡುವ ಮೊದಲೇ ಎಲ್3ಕ್ಕೆ ಜಾರಿಹೋಗಿರುತ್ತದೆ.

ಚಿನ್ನದಲ್ಲಿ ಕಲಬೆರಕೆಗೆ ಬರುವ ಇರಿಡಿಯಂ, ಆಸ್ಮಿಯಂ ಇರುವುದು ಸರಿಯಾಗಿ ಈ ಏರುದಾರಿಯಲ್ಲೇ. ಲೆಕ್ಕದ ಮೇಲೆ ನಡೆಯುವ ಮಷಿನ್ ತಂತ್ರಾಂಶದಲ್ಲಿ ಈ ಸಂಖ್ಯೆಗಳು ಇದ್ದೇ ಇರುತ್ತವೆ. ಸಂಖ್ಯೆ ತಪ್ಪಿದರೆ ಪಾಲೂ ತಪ್ಪುತ್ತದೆ. ಕ್ರೌಸ್ ಸ್ವತಃ ಎಲ್1ರ ಬೆಲೆಗಳಿಗೆ ಶೇಕಡಾ ಹತ್ತಕ್ಕಿಂತ ಜಾಸ್ತಿ ಅನಿಶ್ಚಿತತೆ ಹಾಕಿದ್ದರು. ನೀವು ಗೊತ್ತಿರುವ ಶುದ್ಧತೆಯ ತುಂಡು ಇಟ್ಟು ಮಷಿನ್ ಸರಿಹೊಂದಿಸಿದಾಗ ಈ ತಪ್ಪಿನ ಬಹುಪಾಲು ರದ್ದಾಗುತ್ತದೆ. ಆದರೆ ಆ ತುಂಡಿನಲ್ಲಿ ಇರಿಡಿಯಂ ಇರುವುದಿಲ್ಲ. ಜೊತೆಗೆ ಗೆರೆಗಳೂ ಒತ್ತೊತ್ತಾಗಿ ಬರುತ್ತವೆ. ಇರಿಡಿಯಂ 9.18, ಪ್ಲಾಟಿನಂ 9.44, ಸತುವಿನ ಕೆ ಬೀಟಾ 9.57, ಆಮೇಲೆ ನಿಮ್ಮ ಚಿನ್ನ 9.71.

ಹಾಲ್‌ಮಾರ್ಕ್_ಕೆಲಸಗಾರ

ತುಂಬ ಉಪಕಾರವಾಯಿತು ಸರ್. ಮೇಲೆ ದಪ್ಪ ಲೇಪ ಇದ್ದರೆ ಮಷಿನ್ ಮೋಸ ಹೋಗುವುದೂ ಇದಕ್ಕೇನಾ?

ಹಳೇ_ಸ್ಪೆಕ್ಟ್ರಂ

ಅದಕ್ಕೆ ಕಾರಣ ಬೇರೆ. 9.71 ಕೆಇವಿ ಕಿರಣ ಚಿನ್ನದೊಳಗೆ ನಾಲ್ಕು ಮೈಕ್ರಾನ್ ದಾಟುವಷ್ಟರಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದರ ಕೆಳಗೆ ಏನಿದೆ ಎನ್ನುವುದು ಆ ಗೆರೆಗೆ ಗೊತ್ತಾಗುವುದಿಲ್ಲ. ಕೆ ಗೆರೆಗಳಾದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಆಳದಿಂದ ಬರುತ್ತವೆ, ಆದರೆ ಅವುಗಳನ್ನು ಎಬ್ಬಿಸಲು 81 ಕೆಇವಿ ಬೇಕು. ಅದಕ್ಕೇ ಕೊನೆಯ ಮಾತು ಬೆಂಕಿಯಲ್ಲಿ ಕರಗಿಸಿ ನೋಡುವ ಪರೀಕ್ಷೆಯದ್ದು.

ಸೀಸದ_ತಗಡು

ಸರ್, ಎಫ್13 ಅಳೆಯುವುದು ಹೇಗೆ? ಮೂರು ಕೋಣೆಗಳೂ ಒಟ್ಟಿಗೆ ಖಾಲಿಯಾದರೆ ಯಾವುದರಿಂದ ಯಾವುದಕ್ಕೆ ಜಾರಿತು ಅಂತ ಹೇಗೆ ಹೇಳುವುದು?

ಬೀಮ್‌ಲೈನ್_ಕನ್ನಡಿಗ

ಒಟ್ಟಿಗೆ ಖಾಲಿ ಮಾಡಬಾರದು. ಸಿಂಕ್ರೋಟ್ರಾನ್‌ನಲ್ಲಿ (ಎಲೆಕ್ಟ್ರಾನ್‌ಗಳನ್ನು ಸುತ್ತಿಸಿ ಎಕ್ಸ್-ರೇ ಹುಟ್ಟಿಸುವ ದೊಡ್ಡ ಯಂತ್ರ) ಎಕ್ಸ್-ರೇ ಶಕ್ತಿಯನ್ನು ಬೇಕಾದಷ್ಟಕ್ಕೆ ತಿರುಗಿಸಬಹುದು. ಮೊದಲು ಎಲ್3 ಅಂಚು ದಾಟಿಸಿ, ಎಲ್2 ಕೆಳಗೇ ನಿಲ್ಲಿಸಿ. ಆಗ ಬರುವುದೆಲ್ಲ ಎಲ್3ರದ್ದು. ಆಮೇಲೆ ಎಲ್2 ದಾಟಿಸಿ. ಎಲ್3ರ ಗೆರೆ ಲೆಕ್ಕಕ್ಕಿಂತ ಎಷ್ಟು ಏರಿತೋ ಅದು ಎಲ್2ರಿಂದ ಜಾರಿದ್ದು. ಆಮೇಲೆ ಎಲ್1. ಮೂರು ಮೆಟ್ಟಿಲು. 2012ರಲ್ಲಿ ಜರ್ಮನಿಯ ಅಳತೆ ಸಂಸ್ಥೆ ಪಿಟಿಬಿಯವರು ಬರ್ಲಿನ್ನಿನ ಬೆಸ್ಸಿ-2ರಲ್ಲಿ ಚಿನ್ನ, ಸೀಸಕ್ಕೆ ಹೀಗೇ ಮಾಡಿ, ಅನಿಶ್ಚಿತತೆಯ ಪೂರ್ತಿ ಲೆಕ್ಕ ಕೊಟ್ಟರು. ನಮ್ಮಲ್ಲಿ ಇಂದೋರಿನ ಇಂಡಸ್-2ರಲ್ಲೂ ಎಕ್ಸ್-ರೇ ಫ್ಲೂರೆಸೆನ್ಸ್ ಬೀಮ್‌ಲೈನ್ ಇದೆ.

ಹಳೇ_ಸ್ಪೆಕ್ಟ್ರಂ

ಸಿಂಕ್ರೋಟ್ರಾನ್ ಇಲ್ಲದಿದ್ದರೂ ದಾರಿ ಇದೆ. ಎರಡು ಡಿಟೆಕ್ಟರ್ ಇಟ್ಟು ಜೊತೆಯಾಗಿ ಎಣಿಸಬಹುದು. ಒಂದರಲ್ಲಿ ಕೆ ಆಲ್ಫಾ-1 ಬಂದರೆ ಎಲ್3 ಖಾಲಿಯಾಗಿದೆ ಎಂದೇ ಅರ್ಥ. ಕೆ ಆಲ್ಫಾ-2 ಬಂದರೆ ಎಲ್2. ಕೆ ಆಲ್ಫಾ-2 ಜೊತೆಗೆ ಎಲ್3ರ ಗೆರೆ ಕಂಡರೆ ಅದು ಎಲ್2ರಿಂದ ಎಲ್3ಕ್ಕೆ ಸರಿದ ಜಾಗ. ಎಲ್1ರಿಂದ ಕೆಗೆ ಎಲೆಕ್ಟ್ರಾನ್ ಇಳಿದು ಎಕ್ಸ್-ರೇ ಕೊಡುವ ಬಾಗಿಲು ಮಾತ್ರ ಇಲ್ಲ, ಆ ಇಳಿತಕ್ಕೆ ನಿಯಮದ ಅಡ್ಡಿ ಇದೆ. ಅದಕ್ಕೇ ಎಲ್1 ಇಷ್ಟು ವರ್ಷ ಎಲ್ಲರನ್ನೂ ಸತಾಯಿಸಿದ್ದು.

ಸೀಸದ_ತಗಡು

ನನ್ನ ಹತ್ತಿರ ಒಂದೇ ಡಿಟೆಕ್ಟರ್. ರಾತ್ರಿ ಕೋಷ್ಟಕ ನೋಡುತ್ತಾ ಕುಳಿತಿದ್ದಾಗ ಒಂದು ಹೊಳೆಯಿತು. ಕೋಬಾಲ್ಟ್-57ಕ್ಕೆ 14.41 ಕೆಇವಿ ಗಾಮಾ ಕೂಡ ಇದೆ. ಸೀಸದ ಎಲ್3 ಅಂಚು 13.04. ಎಲ್2 15.20. 14.41 ಎರಡರ ನಡುವೆ! ಅಂದರೆ ಅದು ಸೀಸದಲ್ಲಿ ಎಲ್3 ಒಂದನ್ನೇ ಕೀಳುತ್ತದೆ. ಸಿಂಕ್ರೋಟ್ರಾನಿನ ಮೊದಲ ಮೆಟ್ಟಿಲು ನನ್ನ ಮೂಲದಲ್ಲೇ ಇದೆ. ತೊಂದರೆ ಏನೆಂದರೆ 122 ಕೂಡ ಬರುತ್ತದೆ, ಅದು ಕೆ ಮೂಲಕ ಎಲ್2ನ್ನೂ ಖಾಲಿ ಮಾಡುತ್ತದೆ. ಅದಕ್ಕೆ ಎರಡು ಸಲ ಎಣಿಸುತ್ತೇನೆ. ಒಮ್ಮೆ ಹಾಗೇ, ಇನ್ನೊಮ್ಮೆ ಮೂಲದ ಮುಂದೆ 2 ಮಿಲಿಮೀಟರ್ ಅಲ್ಯೂಮಿನಿಯಂ ಇಟ್ಟು. ಅಲ್ಯೂಮಿನಿಯಂ 14.4ನ್ನು ನೂರಕ್ಕೆ ಒಂದಕ್ಕೆ ಇಳಿಸುತ್ತದೆ, 122 ಬಹುಪಾಲು ದಾಟುತ್ತದೆ. ಎರಡರ ವ್ಯತ್ಯಾಸ 14.4ರ ಕೆಲಸ. ಸರಿಯಾ?

ಹಳೇ_ಸ್ಪೆಕ್ಟ್ರಂ

ಸರಿ. ತುಂಬ ಸರಿ. ಇದನ್ನು ನೀವೇ ಕಂಡುಕೊಂಡಿದ್ದು ನೋಡಿ ಮನಸ್ಸು ತುಂಬಿತು. ನಾಲ್ಕು ಎಚ್ಚರಿಕೆ ಮಾತ್ರ ಹೇಳುತ್ತೇನೆ.

ಅಲ್ಯೂಮಿನಿಯಂ 122ನ್ನೂ ಸುಮಾರು ಶೇಕಡಾ 8 ಕಡಿಮೆ ಮಾಡುತ್ತದೆ. ಸುಮ್ನೆ ಕಳೆಯಬೇಡಿ, ಕೆ ಆಲ್ಫಾ ಎಣಿಕೆ ಎರಡರಲ್ಲೂ ಸಮ ಬರುವಂತೆ ಗುಣಿಸಿ ಆಮೇಲೆ ಕಳೆಯಿರಿ. ನಿಮ್ಮ ಮೂಲದ ಮುಚ್ಚಳ ತೆಳ್ಳಗಿದೆಯಾ ನೋಡಿ, ದಪ್ಪ ಉಕ್ಕಿನದಾದರೆ 14.4 ಹೊರಗೇ ಬರುವುದಿಲ್ಲ. ತಗಡಿನಲ್ಲಿ ಎಲ್ ಕಿರಣ ಬರುವುದು ಮೇಲಿನ ಎಂಟು ಮೈಕ್ರಾನಿನಿಂದ, ಹಾಗಾಗಿ ಮೈ ಉಜ್ಜಿ ಆಕ್ಸೈಡ್ ತೆಗೆಯಿರಿ. ಇನ್ನೊಂದು, ಎಲ್ಲಕ್ಕಿಂತ ಮುಖ್ಯ. ಜರ್ಮೇನಿಯಂನ ಕೆ ಅಂಚು 11.10. ಸೀಸದ ಎಲ್ ಆಲ್ಫಾ 10.55 ಅದರ ಕೆಳಗೆ, ಎಲ್ ಬೀಟಾ 12.6 ಮೇಲೆ. ಅಂಚಿನ ಎರಡು ಕಡೆ ಡಿಟೆಕ್ಟರಿನ ದಕ್ಷತೆ ಬೇರೆಬೇರೆ. ಸಿಲಿಕಾನ್ ಡಿಟೆಕ್ಟರ್ ಸಿಕ್ಕಿದರೆ ಅದನ್ನೇ ಬಳಸಿ.

ಸೀಸದ_ತಗಡು

ಪಕ್ಕದ ಲ್ಯಾಬಿನವರು ಸಿಲಿಕಾನ್ ಡಿಟೆಕ್ಟರನ್ನು ಹತ್ತು ದಿನಕ್ಕೆ ಕೊಟ್ಟರು. ಮೂಲಕ್ಕೆ ತೆಳು ಕಿಟಕಿ ಇದೆ, 14.4 ಚೆನ್ನಾಗಿ ಬರುತ್ತಿದೆ.

ಎಲ್2 ನಿಜವಾಗಿ ಮುಚ್ಚಿದೆಯಾ ಅಂತ ಮೊದಲು ಎಲ್ ಬೀಟಾದಲ್ಲಿ ನೋಡಲು ಹೋದೆ. ಅಲ್ಲಿ ಎಲ್2ರಿಂದ ಬರುವ ಬೀಟಾ-1, ಎಲ್3ರಿಂದ ಬರುವ ಬೀಟಾ-2 ಎರಡೂ 12.6ರಲ್ಲೇ ಒಂದರ ಮೇಲೊಂದು ಕುಳಿತಿವೆ. ಹತ್ತು ಎಲೆಕ್ಟ್ರಾನ್ ವೋಲ್ಟ್ ಅಂತರವೂ ಇಲ್ಲ. ಹಾಗಾಗಿ 14.76ರ ಗಾಮಾ-1 ಗೆರೆ ಹಿಡಿದೆ, ಅದು ಎಲ್2 ಒಂದರದ್ದೇ. ಚದುರಿದ 14.41 ಪಕ್ಕದಲ್ಲೇ ಇದೆ, ಆದರೆ ಬೇರೆಯಾಗಿ ಕಾಣುತ್ತದೆ. ಅಲ್ಯೂಮಿನಿಯಂ ಇಟ್ಟಾಗಲೂ, ಇಡದಾಗಲೂ 14.76 ಇದೆ. ಗುಣಿಸಿ ಕಳೆದ ಮೇಲೆ ಇಲ್ಲ. ಪೂರ್ತಿ ಸೊನ್ನೆ, ಎಣಿಕೆಯ ಏರುಪೇರಿನೊಳಗೆ. 10.55 ಮಾತ್ರ ಎತ್ತರವಾಗಿ ನಿಂತಿದೆ.

ಯೀಲ್ಡ್ ಲೆಕ್ಕ ಇನ್ನೂ ಮಾಡಿಲ್ಲ. ಪುಸ್ತಕದ ಬೆಲೆಯನ್ನೂ ತೆಗೆದು ನೋಡಿಲ್ಲ ಮೇಡಂ. ಮೊದಲು ದಕ್ಷತೆ, ಮೈಯ ಹೀರಿಕೆ, ಇಟ್ಟಿಗೆ ಎಲ್ಲ ಮುಗಿಸಿ, ಆಮೇಲೆ ನೋಡುತ್ತೇನೆ.